ದಿವಂಗತ ವಿಠ್ಠಲ ಮಲ್ಯರು

ವಾಣಿಜ್ಯದಲ್ಲಿ ಪರಾಕ್ರಮವೆಂಬುದು ಸದ್ದುಗದ್ದಲದಲ್ಲಿಲ್ಲ, ಲೆಕ್ಕವನ್ನು ಓದಿ ಕಾದಿರುವುದರಲ್ಲಿದೆ ಎಂಬುದಕ್ಕೆ ಕನ್ನಡನಾಡಿನಲ್ಲಿ ನಿದರ್ಶನವನ್ನು ಅರಸುವವರು ದಿವಂಗತ ವಿಠ್ಠಲ ಮಲ್ಯರ ಚರಿತ್ರೆಯನ್ನು ನೋಡಬೇಕು. ಈ ಹೊತ್ತು ಮಲ್ಯ ಎಂದೊಡನೆ ಜನರಿಗೆ ಮಗನ ನೆನಪಾಗುವುದಲ್ಲದೆ ತಂದೆಯ ನೆನಪಾಗುವುದಿಲ್ಲ. ನಮ್ಮ ಅಲ್ಲಾಳಸಂದ್ರಕ್ಕೆ ಸಮೀಪವಾದ ಯಲಹಂಕ ಉಪನಗರದಲ್ಲಿ ಆ ಮನೆತನದ ಹೆಸರನ್ನು ಹೊತ್ತ ಶಾಲೆಯೊಂದಿದೆ; ನಗರದ ನಡುವೆ ಹಿಂದೆ ಗ್ರಾಂಟ್ ರಸ್ತೆಯೆನಿಸಿದ್ದ ದಾರಿಗೆ ವಿಠ್ಠಲ ಮಲ್ಯರ ಹೆಸರೇ ಇದೆ. ಈ ಫಲಕಗಳ ಮುಂದೆ ದಿನವೂ ಹಾದುಹೋಗುವವರಲ್ಲಿ ಎಷ್ಟು ಮಂದಿ ಆ ಪುರುಷನ ಕಥೆಯನ್ನು ಬಲ್ಲರು? ಆದಕಾರಣ ಅದನ್ನು ವಾಚಕರ ಮುಂದಿಡುತ್ತೇವೆ.

ಮಲ್ಯರ ಮನೆತನ ದಕ್ಷಿಣ ಕನ್ನಡದ ಬಂಟವಾಳದ್ದು. ತಂದೆ ಗಣಪತಿ ಮಲ್ಯರು ಸೈನ್ಯದಲ್ಲಿ ವೈದ್ಯಾಧಿಕಾರಿಗಳಾಗಿದ್ದರು. 1924ನೆಯ ಇಸವಿ ಫೆಬ್ರವರಿಯಲ್ಲಿ ಜನಿಸಿದ ವಿಠ್ಠಲರು ಡೆಹರಾಡೂನಿನ ಡೂನ್ ಶಾಲೆಯಲ್ಲಿಯೂ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಅಂಥ ವಿದ್ಯೆಯುಳ್ಳ ತರುಣರು ಆ ಕಾಲದಲ್ಲಿ ಸರ್ಕಾರದ ನೌಕರಿಯನ್ನೇ ಹಾರೈಸುತ್ತಿದ್ದರು. ಇವರ ಕಣ್ಣು ಮಾತ್ರ ಷೇರು ಪೇಟೆಯ ಮೇಲೆ ಬಿದ್ದಿತು.

ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಆಗ ಅಪ್ಪಟ ಬಿಳಿಯರ ಕಂಪೆನಿ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಸಣ್ಣ ಬೀರು ಕಾರ್ಖಾನೆಗಳನ್ನು ಕೂಡಿಸಿ 1915ರಲ್ಲಿ ಅದನ್ನು ಸ್ಥಾಪಿಸಿದ್ದನು. ದಂಡಿನ ಗೋರಾ ಸಿಪಾಯಿಗಳೇ ಅದರ ಮುಖ್ಯ ಗಿರಾಕಿಗಳು. ದೊಡ್ಡ ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಯ ಮೇಲೆ ಹೇರಿ ದಂಡಿನ ಪಾಳೆಯಗಳಿಗೆ ಸಾಗಿಸುತ್ತಿದ್ದ ಕಾಲವದು. ಈ ಕಂಪೆನಿಯ ಷೇರುಗಳನ್ನು ತರುಣ ಮಲ್ಯರು ಒಂದೊಂದಾಗಿ ಕೊಳ್ಳುತ್ತ ಬಂದರು. 1947ರಲ್ಲಿ ಅದರ ಪ್ರಪ್ರಥಮ ಭಾರತೀಯ ಡೈರೆಕ್ಟರಾದರು. ಮರುವರ್ಷವೇ ಪ್ರೈಸ್ ಎಂಬ ಆಂಗ್ಲೇಯರ ಸ್ಥಾನದಲ್ಲಿ ಅಧ್ಯಕ್ಷರಾದರು. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ!

ಈ ಸಾಹಸದ ತೂಕವನ್ನು ಅರಿಯಬೇಕಾದರೆ ಆ ಎರಡು ವರ್ಷಗಳ ಸ್ಥಿತಿಯನ್ನು ನೆನೆಯಬೇಕು. ಸ್ವಾತಂತ್ರ್ಯ ಬಂದೊಡನೆ ಬ್ರಿಟಿಷ್ ಸೈನ್ಯ ಹಡಗು ಹತ್ತಿತು, ಗಿರಾಕಿಯೇ ಊರುಬಿಟ್ಟಂತಾಯಿತು. 1948ರಲ್ಲಿ ಮದರಾಸು ಪ್ರಾಂತವಿಡೀ ಪಾನನಿರೋಧ ಜಾರಿಗೆ ಬಂದು ನೆರೆಯ ಪೇಟೆಯೂ ಮುಚ್ಚಿತು. ಎರಡು ವರ್ಷ ಕಳೆಯುವುದರೊಳಗೆ ರಾಜ್ಯಾಂಗವೇ ತನ್ನ 47ನೆಯ ವಿಧಿಯಲ್ಲಿ ಪಾನನಿರೋಧವನ್ನು ಸರ್ಕಾರಗಳ ಗುರಿಯೆಂದು ಸಾರಿತು. ಮುಳುಗುವ ಹಡಗೆಂದು ಎಲ್ಲರೂ ಬಗೆಯಬಹುದಾಗಿದ್ದ ಈ ಗಳಿಗೆಯಲ್ಲಿ ಮಲ್ಯರು ಚುಕ್ಕಾಣಿ ಹಿಡಿದರು. ಗಾಳಿ ಬಂದಾಗ ತೂರಿಕೊಳ್ಳುವವರು ಲೋಕದಲ್ಲಿ ಬಹಳ. ಗಾಳಿಯಿಲ್ಲದಾಗ ಕಣವನ್ನೇ ಕೊಂಡಿಟ್ಟುಕೊಳ್ಳುವವರು ವಿರಳ.

ಒಂದೇ ಪದಾರ್ಥವನ್ನು ನಂಬಿ ಕೂಡಬಾರದೆಂಬುದು ಅವರ ಎರಡನೆಯ ನೀತಿ. 1950ರಲ್ಲಿ ಹಣ್ಣಿನ ಪಾನಕ, ಜಾಮುಗಳಿಗೆ ಹೆಸರಾದ ಕಿಸಾನ್ ಕಂಪೆನಿ ಕೈಸೇರಿತು. ಪಾನನಿರೋಧವಿದ್ದ ಊರಿನಲ್ಲಿಯೂ ಪಾನಕಕ್ಕೆ ಅಡ್ಡಿಯಿರಲಿಲ್ಲವಷ್ಟೆ. 1951ರಲ್ಲಿ ಮದರಾಸಿನ ಹಳೆಯ ಮ್ಯಾಕ್‌ಡೊವೆಲ್ ಕಂಪೆನಿ ಬಂದಿತು. ಸೀಮೆಯ ಸರಕನ್ನು ತರಿಸಿ ಮಾರುವುದಷ್ಟೆ ಆ ಕಂಪೆನಿಯ ಕಸುಬು. ಆಮದಿಗೆ ಸರ್ಕಾರದ ಕಡಿವಾಣ ಬಿಗಿಯಾದಾಗ ಮಲ್ಯರು ಕೇರಳದ ಚೇರ್ತಲದಲ್ಲಿ 1959ರಲ್ಲಿ ಭಟ್ಟಿಯನ್ನು ಕಟ್ಟಿ, ಪರದೇಶದಿಂದ ಬರುತ್ತಿದ್ದುದನ್ನು ಇಲ್ಲಿಯೇ ತಯಾರಿಸತೊಡಗಿದರು. ವ್ಯಾಪಾರಿಯಾಗಿದ್ದ ಕಂಪೆನಿ ಉತ್ಪಾದಕನಾಯಿತು.

ಮದ್ಯದ ಪೇಟೆಯ ಮರ್ಮವನ್ನು ಅವರಷ್ಟು ಚೆನ್ನಾಗಿ ಅರಿತವರು ಕಡಿಮೆ. ಅಬಕಾರಿಯು ರಾಜ್ಯಸರ್ಕಾರಗಳ ಅಧಿಕಾರಕ್ಕೆ ಸೇರಿದುದು. ಒಂದು ರಾಜ್ಯದ ಸೀಸೆ ಇನ್ನೊಂದು ರಾಜ್ಯದ ಗಡಿ ದಾಟಬೇಕಾದರೆ ಸುಂಕದ ಮೇಲೆ ಸುಂಕ; ಹೊಸ ಕಾರ್ಖಾನೆಗೆ ಲೈಸೆನ್ಸು ದೊರೆಯುವುದು ದುರ್ಲಭ. ಇಂಥ ಪೇಟೆಯಲ್ಲಿ ರುಚಿಯಾದ ಬೀರನ್ನು ಮಾಡಬಲ್ಲವನಿಗಿಂತ ರಾಜ್ಯ ರಾಜ್ಯಗಳಲ್ಲಿ ಲೈಸೆನ್ಸುಳ್ಳ ಕಾರ್ಖಾನೆಗಳನ್ನು ಹೊಂದಿರುವವನೇ ಬಲಶಾಲಿ. ಉತ್ತರದಲ್ಲಿ 1949ರಲ್ಲಿ ಡೈಯರ್ ಮೀಕಿನ್ ಕಂಪೆನಿಯನ್ನು ಕೊಂಡ ನರೇಂದ್ರನಾಥ ಮೋಹನರು, ಬೆಂಗಳೂರಿನಲ್ಲಿಯೇ ಇದ್ದ ಖೋಡೆ ಮನೆತನ, ಕಲ್ಕತ್ತೆಯ ಷಾ ವಾಲೆಸ್ ಇವರೆಲ್ಲ ಎದುರಾಳಿಗಳು. ಅವರೊಡನೆ ಬೆಲೆಯ ಕಾಳಗಕ್ಕೆ ಇಳಿಯುವುದರ ಬದಲು, ನಡೆಯಲಾರದೆ ಬಳಲುತ್ತಿದ್ದ ಕಾರ್ಖಾನೆಗಳನ್ನು ಹುಡುಕಿ ಕೊಳ್ಳುವ ಮಾರ್ಗವನ್ನು ಮಲ್ಯರು ಹಿಡಿದರು. ಕಾರ್ಯೂ, ಫಿಪ್ಸನ್, ಹರ್ಬರ್ಟ್‌ಸನ್ಸ್ ಮೊದಲಾದ ಹಳೆಯ ಹೆಸರುಗಳು ಕ್ರಮೇಣ ಅವರ ಗುಂಪಿಗೆ ಸೇರಿದವು.

1977ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರವು ನಾಲ್ಕು ವರ್ಷಗಳಲ್ಲಿ ದೇಶವನ್ನೆಲ್ಲ ಪಾನಮುಕ್ತ ಮಾಡುವೆನೆಂದು ಹೊರಟಾಗ ಭಟ್ಟಿಗಳ ಒಡೆಯರು ನಡುಗಿದರು. ಮಲ್ಯರು 1948ನ್ನು ಕಂಡಿದ್ದವರು. ಅವರು ಆಗಲೂ ಕೊಳ್ಳುತ್ತಲೇ ಹೋದರು. 1979ರಲ್ಲಿ ಆ ಸರ್ಕಾರ ಉರುಳಿತು, ಕೊಂಡುದು ಉಳಿಯಿತು. ಅದೇ 1977ರಲ್ಲಿ ಕೋಕಾ ಕೋಲಾ ದೇಶಬಿಟ್ಟಾಗ ತೆರವಾದ ಪೇಟೆಗೆ ಪಾರ್ಲೆಯ ಥಮ್ಸ್ ಅಪ್, ಕ್ಯಾಂಪಾ ಕೋಲಾ, ಸರ್ಕಾರದ ಡಬಲ್ ಸೆವೆನ್ ಇವು ನುಗ್ಗಿದವು; ಮ್ಯಾಕ್‌ಡೊವೆಲ್ಲಿನವರದೂ ಥ್ರಿಲ್ ಎಂಬ ಪಾನೀಯ ಹೊರಬಂದಿತು. ಆ ಕಣದಲ್ಲಿ ಮಾತ್ರ ಜಯಲಕ್ಷ್ಮಿ ಪಾರ್ಲೆಯವರಿಗೆ ಒಲಿದಳು. ಲೈಸೆನ್ಸಿನ ಕೋಟೆಯಿಲ್ಲದ ಬಯಲಿನಲ್ಲಿ ಯುದ್ಧದ ರೀತಿಯೇ ಬೇರೆಯೆಂಬುದು ಇದರಿಂದ ವಿದಿತವಾಗುತ್ತದೆ.

ಇಷ್ಟೆಲ್ಲ ಸಂಪತ್ತಿದ್ದರೂ ಮಲ್ಯರು ಮಿತವ್ಯಯಿಗಳು, ಪ್ರಚಾರವನ್ನೊಲ್ಲದವರು, ಲೆಕ್ಕಪತ್ರದಲ್ಲಿ ಅತಿ ಜಾಗರೂಕರು ಎಂಬ ಖ್ಯಾತಿ ಪಡೆದಿದ್ದರು. 1983ರ ಅಕ್ಟೋಬರ್ 13ರಂದು ಐವತ್ತೊಂಬತ್ತರ ಪ್ರಾಯದಲ್ಲಿ ತೀರಿಕೊಂಡರು.

ಮುಂದಿನ ವೃತ್ತಾಂತ ಸಂಕ್ಷೇಪವಾದುದು. ಇಪ್ಪತ್ತೇಳರ ಹರೆಯದಲ್ಲಿ ಭಾರ ಹೊತ್ತ ಪುತ್ರ ವಿಜಯ ಮಲ್ಯರು ಅದನ್ನು ಬೆಳೆಸಲಿಲ್ಲವೆಂದರೆ ಅನ್ಯಾಯವಾದೀತು. ಹಳೆಯ ಎದುರಾಳಿ ಷಾ ವಾಲೆಸ್ಸನ್ನು 2005ರಲ್ಲಿ ಕೊಂಡವರು ಅವರೇ. ಆದರೆ ಅದೇ ವರ್ಷ ಹಾರಲಾರಂಭಿಸಿದ ವಿಮಾನದ ಕಂಪೆನಿಯು 2012ರಲ್ಲಿ ಸಾಲದ ಹೊರೆಯಿಂದ ನೆಲಕಚ್ಚಿತು. ಹಣ್ಣಿನ ಪಾನಕದ ಕಿಸಾನ್ 1993ರಲ್ಲಿಯೇ ಪರರ ಪಾಲಾಗಿತ್ತು. 2014ರ ವೇಳೆಗೆ ಮದ್ಯದ ಕಂಪೆನಿ ಲಂಡನ್ನಿನ ಡಿಯಾಜಿಯೊ ವಶವಾಯಿತು. 2021ರಲ್ಲಿ ಬೀರಿನ ಕಂಪೆನಿ ಹಾಲೆಂಡಿನ ಹೈನೆಕೆನ್ ವಶವಾಯಿತು. ಬಿಳಿಯರಿಂದ ಒಂದೊಂದು ಷೇರಾಗಿ ಬಂದುದು ಷೇರಾಗಿಯೇ ಬಿಳಿಯರಿಗೆ ಹಿಂದಿರುಗಿತು.

ಮದ್ಯದ ವ್ಯಾಪಾರವನ್ನು ನಾವು ಹೊಗಳಲಾರೆವು. ಒಡೆತನ ಸ್ವದೇಶಿಯಾದ ಮಾತ್ರಕ್ಕೆ ಪದಾರ್ಥ ಶ್ರೇಯಸ್ಕರವಾಗದು; ದಿನಗೂಲಿಯವನ ಸಂಪಾದನೆ ಸಂಜೆಗೆ ಅಂಗಡಿಯ ಪಾಲಾದಾಗ, ಆ ಅಂಗಡಿಯ ಲಾಭ ಬೆಂಗಳೂರಿಗೆ ಹೋಯಿತೋ ಲಂಡನ್ನಿಗೋ ಎಂಬುದು ಅವನ ಹೆಂಡತಿಮಕ್ಕಳಿಗೆ ಒಂದೇ. ಆದರೆ ಮಲ್ಯರ ಬುದ್ಧಿ ಯಾವ ಉದ್ಯಮಕ್ಕೂ ಸಲ್ಲತಕ್ಕದ್ದು. ನಮ್ಮ ಮಲೆನಾಡಿನ ಕಾಫಿ, ನಮ್ಮ ರೈತನ ಹಾಲು, ನಮ್ಮ ತೋಟದ ಹಣ್ಣಿನ ರಸ ಇವುಗಳ ಪೇಟೆಯಲ್ಲಿ ಅಂಥ ತಾಳ್ಮೆಯೂ ಲೆಕ್ಕದ ಕಣ್ಣೂ ಉಳ್ಳ ತರುಣರು ಎದ್ದು ಬರಲಿ. ಸ್ವಾಮ್ಯವನ್ನು ಒಮ್ಮೆ ಗಳಿಸಿದರೆ ಸಾಲದು. ಪ್ರತಿದಿನವೂ ಮಿತವ್ಯಯದಿಂದ ಅದನ್ನು ಮತ್ತೆ ಗಳಿಸುತ್ತಿರಬೇಕೆಂಬ ಪಾಠವನ್ನು ಅವರು ತಂದೆಯ ಬಾಳಿನಿಂದಲೂ ಆಮೇಲಿನ ಕಥೆಯಿಂದಲೂ ಕಲಿಯಲಿ.