ಊರುಗೋಲಿನ ಕಡಲುಗಳ್ಳನನ್ನು ಕೊಟ್ಟ ಸ್ಟೀವನ್ಸನ್

ಆಟದ ಪೀರಿಯಡ್‌ನಲ್ಲಿ ನನ್ನ ಕೆಲಸ ಸ್ಕೋರ್ ಬರೆಯುವುದು. ಚಿಕ್ಕಂದಿನಿಂದ ನನಗೆ ಉಬ್ಬಸ. ಅಮ್ಮಿ ಅದನ್ನು ದಮಾ ಎನ್ನುತ್ತಾರೆ, ಕನ್ನಡದಲ್ಲಿ ದಮ್ಮು. ವಿಚಿತ್ರವೆಂದರೆ ಧೈರ್ಯ ಇರುವವನಿಗೂ ಕನ್ನಡದಲ್ಲಿ ದಮ್ಮಿದೆ ಎಂದೇ ಹೇಳುತ್ತಾರೆ! ಈ ಸಂಚಿಕೆಗೆ ಒಬ್ಬರ ಜೀವನ ಬರೆಯಬೇಕೆಂದಾಗ ನಾನು ರಾಬರ್ಟ್ ಲೂಯಿ ಸ್ಟೀವನ್ಸನ್ ಅವರನ್ನು ಆರಿಸಿಕೊಂಡಿದ್ದು ಅದಕ್ಕೇ.

ಅವರು ಹುಟ್ಟಿದ್ದು 1850ರ ನವೆಂಬರ್ 13ರಂದು, ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ. ಅದು ವಿಕ್ಟೋರಿಯಾ ರಾಣಿಯ ಕಾಲ. ಗಟ್ಟಿ ದೇಹ ಇದ್ದರೆ ಗುಣವೂ ಗಟ್ಟಿ ಎಂಬ ನಂಬಿಕೆ ಆಗ ಬೆಳೆಯುತ್ತಿತ್ತು. ಪಾದ್ರಿಯೂ ಲೇಖಕರೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿ ಕಟ್ಟುಮಸ್ತಾದ ನಾಯಕರನ್ನು ಸೃಷ್ಟಿಸಿದರು. ಥಾಮಸ್ ಹ್ಯೂಸ್ 1857ರಲ್ಲಿ ಬರೆದ ಟಾಮ್ ಬ್ರೌನ್ ಎಂಬ ಹುಡುಗನ ಕಥೆಯಲ್ಲಿ ಶಾಲೆಯ ಮಕ್ಕಳು ಮೈದಾನದಲ್ಲೇ ಗಂಡಸರಾಗುತ್ತಾರೆ. ಅದರಲ್ಲಿ ಆರ್ಥರ್ ಎಂಬ ಬಡಕಲು ಹುಡುಗನೂ ಇದ್ದಾನೆ, ಒಳ್ಳೆಯವನು. ಆದರೆ ಅವನನ್ನು ಕಾಯಲು ಟಾಮ್ ಬೇಕು.

ಸ್ಟೀವನ್ಸನ್ ಅವರ ಮನೆತನ ದೀಪಸ್ತಂಭ ಕಟ್ಟುವ ಎಂಜಿನಿಯರುಗಳದ್ದು. ಅಜ್ಜ, ತಂದೆ ಸಮುದ್ರದ ಬಂಡೆಗಳ ಮೇಲೆ ನಿಂತು ಕೆಲಸ ಮಾಡಿಸಿದವರು. ಒಬ್ಬನೇ ಮಗನಿಗೆ ಎದೆ ಸರಿಯಿಲ್ಲ. ರಾತ್ರಿಯೆಲ್ಲ ಕೆಮ್ಮು. ಆಲಿಸನ್ ಕನಿಂಗ್‌ಹ್ಯಾಮ್ ಎಂಬ ದಾದಿ ಪಕ್ಕದಲ್ಲಿ ಕೂತು ಕಥೆ ಓದಿ ಹೇಳುತ್ತಿದ್ದರು. ಮುಂದೆ ಅವರು ಎಂಜಿನಿಯರಿಂಗ್ ಬಿಟ್ಟರು, ತಂದೆಗೆ ಬೇಸರವಾಯಿತು. ಕಾನೂನು ಓದಿ 1875ರಲ್ಲಿ ವಕೀಲರಾದರು, ಆದರೆ ವಕೀಲಿಕೆ ಮಾಡಿದ್ದು ಕಡಿಮೆ.

ಅದೇ ವರ್ಷ ಎಡಿನ್‌ಬರೋದ ಆಸ್ಪತ್ರೆಯಲ್ಲಿ ವಿಲಿಯಂ ಹೆನ್ಲಿ ಎಂಬ ಕವಿಯ ಪರಿಚಯವಾಯಿತು. ಮೂಳೆಯ ಕ್ಷಯದಿಂದ ಹೆನ್ಲಿ ಆಗಲೇ ಒಂದು ಕಾಲು ಕಳೆದುಕೊಂಡಿದ್ದರು. ಇನ್ನೊಂದನ್ನು ಡಾಕ್ಟರ್ ಜೋಸೆಫ್ ಲಿಸ್ಟರ್ ಉಳಿಸಿಕೊಟ್ಟರು. ಹೆನ್ಲಿ ದೊಡ್ಡ ಗಡ್ಡದ, ದೊಡ್ಡ ದನಿಯ, ಜೋರಾಗಿ ನಗುವ ಮನುಷ್ಯ. ಇಬ್ಬರೂ ಗೆಳೆಯರಾದರು.

1881ರಲ್ಲಿ, ಮಳೆ ಹಿಡಿದ ಒಂದು ರಜೆಯಲ್ಲಿ, ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಜೊತೆ ಒಂದು ದ್ವೀಪದ ನಕ್ಷೆ ಬರೆದು ಸ್ಟೀವನ್ಸನ್ 'ಟ್ರೆಷರ್ ಐಲೆಂಡ್' ಶುರು ಮಾಡಿದರು. ಅದರ ಲಾಂಗ್ ಜಾನ್ ಸಿಲ್ವರ್‌ಗೆ ಒಂದೇ ಕಾಲು. ಅವನನ್ನು ಹೆನ್ಲಿಯಿಂದಲೇ ತೆಗೆದುಕೊಂಡೆ ಎಂದು ಆಮೇಲೆ ಅವರೇ ಹೆನ್ಲಿಗೆ ಪತ್ರದಲ್ಲಿ ಒಪ್ಪಿಕೊಂಡರು. ಓದುವಾಗ ಮೊದಲು ನನಗೆ ಬೇಜಾರಾಯಿತು, ಕಾಲಿಲ್ಲದವನನ್ನೇ ಕಳ್ಳ ಮಾಡಬೇಕಿತ್ತಾ ಎಂದು. ಆಮೇಲೆ ಗಮನಿಸಿದೆ, ಹಡಗಿನಲ್ಲಿ ಅವನು ಬರೀ ಅಯ್ಯೋ ಪಾಪ ಎನ್ನಿಸಿಕೊಳ್ಳುವವನಲ್ಲ. ಗಟ್ಟಿಮುಟ್ಟಾದವರೂ ಅವನಿಗೆ ಹೆದರುತ್ತಾರೆ. ಊರುಗೋಲನ್ನೇ ಆಯುಧ ಮಾಡಿ ಬೀಸುತ್ತಾನೆ. (ಕಾಮರ್ಸ್ ಗೆಳೆಯರೇ, ಅವನಿಗೆ ಬ್ಯಾಂಕ್ ಖಾತೆಯೂ ಇದೆ, ಒಮ್ಮೆಯೂ ಓವರ್‌ಡ್ರಾಫ್ಟ್ ಆಗಿಲ್ಲ!) ಆ ಅಧ್ಯಾಯ ಓದುತ್ತಾ ಒಂದು ಓವರಿನ ಸ್ಕೋರ್ ಬರೆಯುವುದನ್ನೇ ಮರೆತು ಬೈಸಿಕೊಂಡಿದ್ದೇನೆ.

ಸ್ಟೀವನ್ಸನ್ ಚಿಕಿತ್ಸೆಗೆ ಸ್ವಿಟ್ಜರ್‌ಲೆಂಡಿನ ದಾವೋಸ್‌ಗೆ ಹೋದರು, ಫ್ರಾನ್ಸಿಗೂ ಹೋದರು. ಬಾಯಿಂದ ರಕ್ತ ಬಂದು, ಮಾತಾಡಲೇಬಾರದೆಂದು ವೈದ್ಯರು ಹೇಳಿದ ದಿನಗಳೂ ಇದ್ದವು. 1886ರಲ್ಲಿ ಬಂದ ಜೆಕಿಲ್ ಮತ್ತು ಹೈಡ್ ಕಥೆಯನ್ನು ಬೋರ್ನ್‌ಮತ್‌ನ ಮನೆಯಲ್ಲಿ ಕಾಯಿಲೆಯಲ್ಲೇ ಬರೆದರು. ಆ ಮನೆಗೆ ಇಟ್ಟ ಹೆಸರು ಸ್ಕೆರಿವೋರ್, ತಮ್ಮ ಮನೆತನದವರು ಕಟ್ಟಿದ ಒಂದು ದೀಪಸ್ತಂಭದ ಹೆಸರು. ತಂದೆಯ ಕೆಲಸ ಕೈಯಲ್ಲಾಗದಿದ್ದರೂ ಮರೆತಿರಲಿಲ್ಲ ಅನ್ನಿಸುತ್ತದೆ.

1888ರಲ್ಲಿ ಪೆಸಿಫಿಕ್ ಸಾಗರಕ್ಕೆ ಹೊರಟರು. ಆ ಗಾಳಿ ಅವರಿಗೆ ಹಿಡಿಸಿತು. ಸಮೋವಾ ದ್ವೀಪದಲ್ಲಿ ಮನೆ ಕಟ್ಟಿ, ಕುದುರೆ ಸವಾರಿ ಮಾಡಿದರು, ಕಾಡಿನ ಗಿಡಗಂಟಿ ಕಡಿದರು. ಅಲ್ಲಿಯ ಜನ ಅವರನ್ನು ಟೂಸಿಟಾಲಾ, ಅಂದರೆ ಕಥೆಗಾರ, ಎಂದು ಕರೆದರು. 1894ರ ಡಿಸೆಂಬರ್ 3ರಂದು, 44ನೇ ವಯಸ್ಸಿನಲ್ಲಿ ತೀರಿಕೊಂಡರು. ಜೀವನವೆಲ್ಲ ಹೆದರಿಸಿದ ಎದೆಯ ಕಾಯಿಲೆಯಿಂದಲ್ಲ, ಮೆದುಳಿನ ರಕ್ತಸ್ರಾವದಿಂದ. ಸಮೋವಾದ ಜನ ವಾಯಾ ಬೆಟ್ಟದಲ್ಲಿ ಕಾಡು ಕಡಿದು ದಾರಿ ಮಾಡಿ, ಹೆಗಲ ಮೇಲೆ ಹೊತ್ತು, ತುದಿಯವರೆಗೆ ಒಯ್ದು ಸಮಾಧಿ ಮಾಡಿದರು.