ಸೆಲ್ಫ್ ಸ್ಟಾರ್ಟರ್ ಕೊಟ್ಟ ಚಾರ್ಲ್ಸ್ ಕೆಟರಿಂಗ್

1950ರ ದಶಕದ ಶುರುವಿನ ಒಂದು ಶೆವರ್ಲೆ ಪಿಕಪ್ ಟ್ರಕ್ಕಿನ ಬಾನೆಟ್ ಎತ್ತಿದರೆ ಇಸಿಯು, ಸೆನ್ಸರ್ ಅಂತ ಏನೂ ಕಾಣಲ್ಲ. ಬ್ಯಾಟರಿ, ಸ್ಟಾರ್ಟರ್, ಜನರೇಟರ್, ಕಾಯಿಲ್, ಡಿಸ್ಟ್ರಿಬ್ಯೂಟರ್, ಹೆಚ್ಚುಕಡಿಮೆ ಅಷ್ಟೇ. ಸ್ಕ್ಯಾನರ್ ಚುಚ್ಚೋಕೆ ಪೋರ್ಟ್ ಕೂಡ ಇಲ್ಲ. ಆದರೂ ಅಮೆರಿಕದಲ್ಲಿ ಇಂಥ ಟ್ರಕ್ಕುಗಳನ್ನು ಇವತ್ತಿಗೂ ರಿಪೇರಿ ಮಾಡಿ ಓಡಿಸೋರು ತುಂಬಾ ಜನ ಇದ್ದಾರೆ. ಅವರು ಮಲ್ಟಿಮೀಟರ್ ಹಿಡಿದು ಹುಡುಕಾಡೋ ಆ ಸರ್ಕ್ಯೂಟಿನ ದೊಡ್ಡ ಭಾಗ ಒಬ್ಬ ಎಂಜಿನಿಯರ್‌ನ ಬೆಂಚಿನಿಂದ ಬಂದದ್ದು. ಅವರೇ ಚಾರ್ಲ್ಸ್ ಕೆಟರಿಂಗ್.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಾಯೊ ರಾಜ್ಯದ ಲೌಡನ್‌ವಿಲ್ ಹತ್ತಿರದ ಒಂದು ಹೊಲದ ಮನೆಯಲ್ಲಿ. ಚಿಕ್ಕಂದಿನಿಂದ ಕಣ್ಣಿನ ತೊಂದರೆ. ಸ್ವಲ್ಪ ಹೊತ್ತು ಓದಿದರೆ ತಲೆನೋವು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿ ಕೆಲಸ ಮಾಡಿ, ಆಮೇಲೆ ಓಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಎಂಜಿನಿಯರಿಂಗ್ ಓದೋಕೆ ಸೇರಿದರು. ಕಣ್ಣು ಕೈಕೊಟ್ಟಿತು, ಕಾಲೇಜು ಬಿಡಬೇಕಾಯ್ತು. ಟೆಲಿಫೋನ್ ಕಂಬ ನೆಡೋಕೆ ಗುಂಡಿ ತೋಡೋ ಗುಂಪಿನಲ್ಲಿ ಕೂಲಿಗೆ ಹೋದರು. ಕೆಟ್ಟುಹೋದ ಲೈನನ್ನು ಹೇಗೆ ಹುಡುಕಬೇಕು, ಎಲ್ಲಿ ಕರೆಂಟ್ ನಿಂತಿದೆ ಅಂತ ಹೇಗೆ ಪತ್ತೆ ಮಾಡಬೇಕು ಅನ್ನೋದನ್ನು ಕಲಿತದ್ದು ಅಲ್ಲೇ. ಮತ್ತೆ ಕಾಲೇಜಿಗೆ ಬಂದಾಗ ಪುಸ್ತಕಗಳನ್ನು ಗೆಳೆಯರು ಜೋರಾಗಿ ಓದಿ ಹೇಳ್ತಿದ್ದರು, ಇವರು ಕೇಳಿಸಿಕೊಂಡು ನೆನಪಿಟ್ಟುಕೊಳ್ತಿದ್ದರು. 1904ರಲ್ಲಿ ಎಲೆಕ್ಟ್ರಿಕಲ್ ಡಿಗ್ರಿ ಕೈಗೆ ಬಂದಾಗ ವಯಸ್ಸು ಹತ್ತಿರ ಹತ್ತಿರ 28. ಒಂದು ಇಯರ್ ಬ್ಯಾಕ್ ಆದರೆ ಜೀವನವೇ ಮುಗೀತು ಅಂದುಕೊಳ್ಳೋ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೊದಲ ಕೆಲಸ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಆಗ ಕ್ಯಾಶ್ ರಿಜಿಸ್ಟರನ್ನು ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೆ ಮೋಟಾರ್ ಕೂರಿಸೋ ಕೆಲಸ ಕೆಟರಿಂಗ್ ಪಾಲಿಗೆ ಬಂತು. ಡಬ್ಬಿಯೊಳಗೆ ದೊಡ್ಡ ಮೋಟಾರ್ ಹಿಡಿಸಲ್ಲ. ಆದರೆ ಆ ಮೋಟಾರ್ ದಿನವಿಡೀ ಓಡಬೇಕಾಗಿಲ್ಲ, ಡ್ರಾಯರ್ ತೆರೆಯೋ ಒಂದು ಕ್ಷಣ ಓಡಿದರೆ ಸಾಕು. ಅಷ್ಟು ಕಡಿಮೆ ಹೊತ್ತಿಗೆ ಚಿಕ್ಕ ಮೋಟಾರಿನ ಮೇಲೆ ಜಾಸ್ತಿ ಲೋಡ್ ಹಾಕಿದರೂ ಅದು ಸುಟ್ಟುಹೋಗಲ್ಲ, ಬಿಸಿ ಏರೋಕೆ ಟೈಮೇ ಇರಲ್ಲ. ನಾವು ಮೆಷಿನ್ಸ್ ಕ್ಲಾಸಿನಲ್ಲಿ ಇಂಟರ್ಮಿಟೆಂಟ್ ಡ್ಯೂಟಿ ಅಂತ ಓದ್ತೀವಲ್ಲ, ಅದೇ.

ಸಂಜೆ ಹೊತ್ತು, ರಜಾ ದಿನ ಬೇರೆ ಕೆಲಸ ನಡೀತಿತ್ತು. ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆ ಹಿಂದಿನ ಕೊಟ್ಟಿಗೆಯೇ ವರ್ಕ್‌ಶಾಪ್. ಅಲ್ಲಿ ಕಾರಿಗೆ ಹೊಸ ಇಗ್ನಿಷನ್ ತಯಾರಾಯ್ತು. 1909ರಲ್ಲಿ ಇಬ್ಬರೂ ಸೇರಿ ಡೆಲ್ಕೊ ಕಂಪನಿ ಶುರು ಮಾಡಿದರು. ಹೆನ್ರಿ ಲೀಲ್ಯಾಂಡ್ ಅವರ ಕ್ಯಾಡಿಲ್ಯಾಕ್ ಮೊದಲ ಗಿರಾಕಿ.

ಆ ಇಗ್ನಿಷನ್ನಿಗೆ ಇವತ್ತಿಗೂ ಕೆಟರಿಂಗ್ ಇಗ್ನಿಷನ್ ಅಂತಲೇ ಹೆಸರು. ಪಾಯಿಂಟ್ಸ್ ಮುಚ್ಚಿದ್ದಾಗ ಕಾಯಿಲ್‌ನ ಪ್ರೈಮರಿಯಲ್ಲಿ ಕರೆಂಟ್ ತುಂಬಿಕೊಳ್ಳುತ್ತೆ. ಕ್ಯಾಮ್ ಬಂದು ಪಾಯಿಂಟ್ಸ್ ಬಿಡಿಸಿದ ತಕ್ಷಣ ಮ್ಯಾಗ್ನೆಟಿಕ್ ಫೀಲ್ಡ್ ಕುಸಿಯುತ್ತೆ, ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತೆ. ಪಾಯಿಂಟ್ಸ್ ನಡುವೆ ಕಿಡಿ ಹಾರಿ ಅವು ಸುಟ್ಟುಹೋಗದ ಹಾಗೆ ಪಕ್ಕದಲ್ಲಿ ಒಂದು ಕಂಡೆನ್ಸರ್. ಹಳೇ ಪಿಕಪ್‌ನಲ್ಲಿ ಪಾಯಿಂಟ್ಸ್ ಮತ್ತೆ ಮತ್ತೆ ಸುಡ್ತಿವೆ ಅಂದರೆ ಮೊದಲು ಆ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು. ತಿಂಗಳಾನುಗಟ್ಟಲೆ ನಿಂತಿದ್ದ ಗಾಡಿ ಸ್ಟಾರ್ಟ್ ಆಗಲ್ಲ ಅಂದರೆ ಪಾಯಿಂಟ್ಸ್ ಮೇಲೆ ಕೂತ ಆಕ್ಸೈಡ್ ಪದರವನ್ನು ಉಜ್ಜಿದರೇ ಎಷ್ಟೋ ಸಲ ಸರಿಹೋಗುತ್ತೆ.

ಆದರೆ ಎಂಜಿನ್ ಶುರು ಮಾಡೋಕೆ ಆಗಿನ್ನೂ ಮುಂದೆ ನಿಂತು ಕ್ರ್ಯಾಂಕ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರೀತಿತ್ತು. ಕಾರಿಗೆ ಮೋಟಾರ್ ಹಾಕಬೇಕು ಅಂದರೆ ಅದು ಎಂಜಿನ್‌ನಷ್ಟೇ ದೊಡ್ಡದಾಗಬೇಕು ಅಂತ ಬಲ್ಲವರ ಲೆಕ್ಕ. ಕೆಟರಿಂಗ್‌ಗೆ ಕ್ಯಾಶ್ ರಿಜಿಸ್ಟರ್ ನೆನಪಿತ್ತು. ಕೆಲವೇ ಸೆಕೆಂಡ್ ಓಡಿದರೆ ಸಾಕಲ್ಲ! 1911ರ ಫೆಬ್ರವರಿಯಲ್ಲಿ ಸೆಲ್ಫ್ ಸ್ಟಾರ್ಟರ್ ಕಾರಿನಲ್ಲಿ ಓಡಿತು. ಸ್ಟಾರ್ಟರ್, ಲೈಟ್, ಇಗ್ನಿಷನ್ ಮೂರೂ ಸೇರಿ 1912ರ ಮಾಡೆಲ್ ಕ್ಯಾಡಿಲ್ಯಾಕ್‌ನಲ್ಲಿ ಮಾರುಕಟ್ಟೆಗೆ ಬಂದವು. ಎಂಜಿನ್ ಶುರುವಾದ ಮೇಲೆ ಅದೇ ಮೋಟಾರ್ ಜನರೇಟರ್ ಆಗಿ ಬ್ಯಾಟರಿ ಚಾರ್ಜ್ ಮಾಡ್ತಿತ್ತು.

ಈ ಸ್ಟಾರ್ಟರೇ ಹಳೇ ಟ್ರಕ್ಕಿನವರಿಗೆ ಹೆಚ್ಚು ತಲೆನೋವು ಕೊಡೋದು. ಶೆವರ್ಲೆ ಪಿಕಪ್‌ಗಳು 1955ರ ಮಧ್ಯದವರೆಗೆ 6 ವೋಲ್ಟ್, ಆಮೇಲೆ 12 ವೋಲ್ಟ್. ಒಂದು ಲೆಕ್ಕ ಹಾಕೋಣ. ಕೇಬಲ್ಲು, ಜಾಯಿಂಟು ಎಲ್ಲಾ ಸೇರಿ 0.01 ಓಮ್ ರೆಸಿಸ್ಟೆನ್ಸ್, ಸ್ಟಾರ್ಟರ್ ಎಳೆಯೋದು 200 ಆಂಪಿಯರ್ ಅಂತಿಟ್ಟುಕೊಳ್ಳಿ. ದಾರಿಯಲ್ಲೇ 2 ವೋಲ್ಟ್ ಹೋಯ್ತು. 6 ವೋಲ್ಟ್ ಗಾಡಿಯಲ್ಲಿ ಅದು ಮೂರನೇ ಒಂದು ಭಾಗ. ಅಷ್ಟೇ ಪವರ್ 12 ವೋಲ್ಟ್‌ನಲ್ಲಿ ಕೊಟ್ಟರೆ ಕರೆಂಟ್ 100 ಆಂಪಿಯರ್, ನಷ್ಟ 1 ವೋಲ್ಟ್, ಅಂದರೆ ಹನ್ನೆರಡನೇ ಒಂದು ಭಾಗ. ಹಾಗಾಗಿ 12 ವೋಲ್ಟ್ ಕಾರಿನ ತೆಳ್ಳನೆ ಕೇಬಲ್ ತಂದು 6 ವೋಲ್ಟ್ ಟ್ರಕ್ಕಿಗೆ ಹಾಕಿದರೆ, ನೋಡೋಕೆ ಹೊಸದಾಗಿದ್ದರೂ ಸ್ಟಾರ್ಟರ್ ಮುಲುಕುತ್ತೆ. ಜನ ಬ್ಯಾಟರಿ ಬದಲಾಯಿಸ್ತಾರೆ, ಸ್ಟಾರ್ಟರ್ ಬದಲಾಯಿಸ್ತಾರೆ. ತಪ್ಪು ಎಷ್ಟೋ ಸಲ ವಾಪಸ್ ಬರೋ ದಾರಿಯಲ್ಲಿ ಇರುತ್ತೆ. ಗ್ರೌಂಡ್ ಪಟ್ಟಿ ಕೂತಿರೋ ಜಾಗದಲ್ಲಿ ತುಕ್ಕು, ಇಲ್ಲಾ ಹೊಸ ಪೇಂಟ್. ಸ್ಟಾರ್ಟರ್ ತಿರುಗಿಸ್ತಾ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕ್‌ಗೂ ಮೀಟರ್ ಹಿಡಿದರೆ ಗೊತ್ತಾಗಿಬಿಡುತ್ತೆ. ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಬಿಚ್ಚಿ ಉಜ್ಜಬೇಕು.

ಕೆಟರಿಂಗ್ ಕಥೆ ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರ್ತಿತ್ತು. ಡೆಲ್ಕೊ ಜನರಲ್ ಮೋಟಾರ್ಸ್ ಪಾಲಾಯ್ತು, ಕೆಟರಿಂಗ್ 1920ರಿಂದ 1947ರವರೆಗೆ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರು. ಮೊದಲು ಸೋಲು ಬಂತು. ನೀರಿನ ಬದಲು ತಾಮ್ರದ ರೆಕ್ಕೆಗಳಿಂದ ಗಾಳಿಯಲ್ಲೇ ತಣ್ಣಗಾಗೋ ಎಂಜಿನ್ ಹಾಕಿದ 1923ರ ಶೆವರ್ಲೆಗಳು ಕಾದು ಕೆಟ್ಟವು, ಕಂಪನಿ ಅವನ್ನು ವಾಪಸ್ ತರಿಸಿಕೊಂಡಿತು. ಕೆಟರಿಂಗ್ ಕೆಲಸ ಬಿಡೋಕೆ ಹೊರಟಿದ್ದರು, ಆಲ್ಫ್ರೆಡ್ ಸ್ಲೋನ್ ತಡೆದರು.

ಇನ್ನೊಂದು ಗೆಲುವಿನ ಹಾಗೇ ಕಂಡಿತು. ಎಂಜಿನ್ ನಾಕ್ ಆಗೋಕೆ ಡೆಲ್ಕೊ ಇಗ್ನಿಷನ್ನೇ ಕಾರಣ ಅನ್ನೋ ದೂರು ಇತ್ತು. ಕೆಟರಿಂಗ್ ಮತ್ತು ಥಾಮಸ್ ಮಿಜ್ಲಿ ಸರಿಯಾಗಿಯೇ ಟ್ರಬಲ್‌ಶೂಟ್ ಮಾಡಿದರು. ತಪ್ಪು ಕಿಡಿಯದ್ದಲ್ಲ, ಪೆಟ್ರೋಲಿನದ್ದು ಅಂತ ತೋರಿಸಿದರು. ನೂರಾರು ರಾಸಾಯನಿಕ ಬೆರೆಸಿ ನೋಡಿ, 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಚೂರೇ ಚೂರು ಹಾಕಿದರೂ ನಾಕ್ ಮಾಯ. ಸೀಸ ವಿಷ ಅನ್ನೋದು ಆಗಲೇ ಎಲ್ಲರಿಗೂ ಗೊತ್ತಿದ್ದ ವಿಷಯ. ಆಲ್ಕೋಹಾಲ್ ಬೆರೆಸಿದರೂ ನಾಕ್ ಕಡಿಮೆಯಾಗುತ್ತೆ ಅನ್ನೋದು ಇವರಿಗೂ ಗೊತ್ತಿತ್ತು. 1924ರಲ್ಲಿ ಎಥಿಲ್ ಕಂಪನಿ ಶುರುವಾದಾಗ ಕೆಟರಿಂಗ್ ಅದರ ಅಧ್ಯಕ್ಷರು. ಅದೇ ವರ್ಷ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಐವರು ಕಾರ್ಮಿಕರು ಸೀಸದ ವಿಷದಿಂದ ಸತ್ತರು. ಆದರೂ ಮಾರಾಟ ಮುಂದುವರಿಯಿತು. ಸೈಲೆನ್ಸರ್‌ನಿಂದ ಹೊರಟ ಸೀಸ ಊರೂರ ಗಾಳಿ ಸೇರಿತು, ಮಕ್ಕಳ ರಕ್ತ ಸೇರಿತು. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ, ಜಗತ್ತಿನ ಕೊನೆಯ ಪಂಪಿನಲ್ಲಿ 2021ರಲ್ಲಿ. ಇವತ್ತು ನಮ್ಮ ಬಂಕ್‌ಗಳಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸ್ತಿದ್ದಾರೆ, ಅದು ಆಲ್ಕೋಹಾಲೇ.

ಕೆಟರಿಂಗ್ ಕೆಟ್ಟವರು ಅಂತ ಒಂದೇ ಮಾತಲ್ಲಿ ಮುಗಿಸೋಕಾಗಲ್ಲ. ರೈಲು ಎಂಜಿನ್ನಿಗೆ ಒಗ್ಗೋ ಡೀಸೆಲ್ ಬಂದದ್ದರಲ್ಲಿ ಅವರ ದೊಡ್ಡ ಪಾಲಿದೆ. 1945ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಶುರುವಾದ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿ ಅವರ ಹೆಸರಿದೆ. ಓಹಾಯೊದಲ್ಲಿ ಒಂದು ಊರಿಗೆ, ಮಿಷಿಗನ್‌ನ ಫ್ಲಿಂಟ್‌ನಲ್ಲಿ ಒಂದು ಎಂಜಿನಿಯರಿಂಗ್ ಯೂನಿವರ್ಸಿಟಿಗೆ ಅವರ ಹೆಸರೇ ಇಟ್ಟಿದ್ದಾರೆ. 1958ರ ನವೆಂಬರ್ 25ರಂದು ತೀರಿಕೊಂಡಾಗ ಅವರ ಹೆಸರಿನಲ್ಲಿ ನೂರೈವತ್ತಕ್ಕೂ ಹೆಚ್ಚು ಪೇಟೆಂಟ್ ಇದ್ದವು.

ಆದರೆ ಒಂದು ಮಾತು. ಕರೆಂಟ್ ಸ್ಟಾರ್ಟರ್‌ವರೆಗೆ ಹೋಗಿ ಸುಮ್ಮನಾಗಲ್ಲ, ಬ್ಯಾಟರಿಗೆ ವಾಪಸ್ ಬರಲೇಬೇಕು. ಇದನ್ನು ಕೆಟರಿಂಗ್‌ಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಕಡಿಮೆ. ಸೀಸದ ವಿಷಯದಲ್ಲಿ ಮಾತ್ರ ಅವರು ಎಂಜಿನ್‌ವರೆಗೆ ನೋಡಿದರು, ಆಚೆ ಅದು ಎಲ್ಲಿಗೆ ಹೋಗಿ ಯಾರ ಹತ್ತಿರ ವಾಪಸ್ ಬರುತ್ತೆ ಅಂತ ನೋಡಲಿಲ್ಲ. ನಾವು ಮುಂದೆ ಪ್ರಾಜೆಕ್ಟ್ ಮಾಡಲಿ, ಕಂಪನಿ ಸೇರಲಿ, ರೀಡಿಂಗ್ ಸರಿ ಬಂತು ಅಂತ ಮೀಟರ್ ಎತ್ತಿಡೋ ಮುಂಚೆ ಆ ಇನ್ನೊಂದು ತುದಿಯನ್ನೂ ಒಮ್ಮೆ ಮುಟ್ಟಿ ನೋಡೋದು ಒಳ್ಳೇದು.