ಗಾಳಿಯ ತಡೆ ಅಳೆದ ಎಂಜಿನಿಯರ್ ಪಾಲ್ ಯಾರೈ

ಆಷಾಢದಲ್ಲಿ ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆಗೆ ಸೈಕಲ್ ತುಳಿದವರಿಗೆ ಎದುರುಗಾಳಿಯ ಬಲ ಗೊತ್ತೇ ಇದೆ. ಕಾರಿಗೂ ಅದೇ ಪಾಡು. ನಾವು ಕಾಲಿನ ಶಕ್ತಿ ಖರ್ಚು ಮಾಡಿದರೆ ಅದು ಪೆಟ್ರೋಲ್ ಖರ್ಚು ಮಾಡುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಕಾರಿನ ಆಕಾರವನ್ನು ಬದಲಿಸಿ ಈ ತಡೆಯನ್ನು ತಗ್ಗಿಸಬಹುದೆಂದು ನೂರು ವರ್ಷಗಳ ಹಿಂದೆಯೇ ತೋರಿಸಿದವರಲ್ಲಿ ಪಾಲ್ ಯಾರೈ ಪ್ರಮುಖರು.

ಯಾರೈ ಅವರು 1889ರ ಮಾರ್ಚ್ 11ರಂದು ವಿಯೆನ್ನಾದಲ್ಲಿ, ಹಂಗೇರಿ ಮೂಲದ ಕುಟುಂಬದಲ್ಲಿ ಜನಿಸಿದರು. ಎಂಜಿನಿಯರಿಂಗ್ ಓದಿ, ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್ ಊರಿನಲ್ಲಿ ಮೊದಲು ವಿಮಾನಗಳ, ನಂತರ ಝೆಪೆಲಿನ್ ಕಂಪನಿಯ ವಾಯುನೌಕೆಗಳ ವಿನ್ಯಾಸದಲ್ಲಿ ತೊಡಗಿದರು. 1919ರಲ್ಲಿ ಹಾರಿದ ‘ಬೋಡೆನ್‌ಸೀ’ ವಾಯುನೌಕೆಗೆ ಮುಂದೆ ದುಂಡಗೆ, ಹಿಂದೆ ಸಣ್ಣಗಾಗುತ್ತ ಹೋಗುವ ನೀರಹನಿಯ ರೂಪ ಕೊಟ್ಟವರು ಅವರೇ.

ಆಕಾಶದಲ್ಲಿ ಕಲಿತದ್ದನ್ನು ಅವರು ರಸ್ತೆಗೆ ಇಳಿಸಿದರು. ಆಗಿನ ಕಾರುಗಳು ಪೆಟ್ಟಿಗೆಯಂತಿದ್ದವು. ಗಾಳಿ ಅವುಗಳ ಮುಂಭಾಗಕ್ಕೆ ಬಡಿಯುವುದಷ್ಟೇ ಅಲ್ಲ, ಹಿಂದೆ ಸುಳಿಯೆದ್ದು ಗಾಡಿಯನ್ನು ಹಿಂದಕ್ಕೆಳೆಯುತ್ತಿತ್ತು. ಗಾಳಿ ಮೈಗೆ ಅಂಟಿಕೊಂಡಂತೆ ಹರಿದು ಹಿಂದೆ ಮೆಲ್ಲಗೆ ಕೂಡಿಕೊಂಡರೆ ಸುಳಿ ಕಡಿಮೆಯಾಗುತ್ತದೆ. 1921ರಲ್ಲಿ ಯಾರೈ ಇಂಥ ಕಾರಿಗೆ ಪೇಟೆಂಟ್ ಕೋರಿದರು. ಮುಂದಿನ ವರ್ಷವೇ ಲೈ ಕಂಪನಿಯ ಕಾರಿಗೆ ಆ ರೂಪದ ಮೈ ಕಟ್ಟಲಾಯಿತು. ಗಾಳಿಸುರಂಗದಲ್ಲಿ ಮಾದರಿಗಳನ್ನಿಟ್ಟು ಪರೀಕ್ಷಿಸಿದಾಗ, ಸಾಮಾನ್ಯ ಕಾರಿನ ಅರ್ಧಕ್ಕಿಂತ ಕಡಿಮೆ ತಡೆ ಕಂಡುಬಂತು. ಅದೇ ಎಂಜಿನ್‌ಗೆ ಹೆಚ್ಚು ವೇಗ, ಅದೇ ವೇಗಕ್ಕೆ ಕಡಿಮೆ ಪೆಟ್ರೋಲ್!

ಆದರೆ ಲೆಕ್ಕ ಒಪ್ಪಿದರೂ ಜನರ ಕಣ್ಣು ಒಪ್ಪಲಿಲ್ಲ. ಸಾರೋಟಿನಂತೆ ನೆಟ್ಟಗೆ ನಿಂತ ಕಾರುಗಳಿಗೆ ಒಗ್ಗಿದ್ದವರಿಗೆ ಈ ರೂಪ ವಿಚಿತ್ರವೆನಿಸಿತು. 1923ರಲ್ಲಿ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ನೆಲೆಸಿದ ಯಾರೈ, ಹಲವು ಕಂಪನಿಗಳಿಗೆ ತಮ್ಮ ವಿನ್ಯಾಸ ಒಪ್ಪಿಸಲು ವರ್ಷಗಟ್ಟಲೆ ಶ್ರಮಿಸಿದರು. ಬಹಳಷ್ಟು ಪ್ರಯತ್ನಗಳು ಒಂದೆರಡು ಮಾದರಿ ಕಾರುಗಳಲ್ಲೇ ನಿಂತವು. ಕೊನೆಗೆ 1934ರಲ್ಲಿ ಚೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿ ಅವರ ತತ್ವವನ್ನು ಅಳವಡಿಸಿ ‘ಟಾಟ್ರಾ 77’ ಕಾರನ್ನು ಮಾರಾಟಕ್ಕೆ ತಂದಿತು.

1973ರಲ್ಲಿ ತೈಲದ ಬೆಲೆ ಜಗತ್ತಿನಾದ್ಯಂತ ಏರಿತು. ಇಂಧನ ಉಳಿಸುವ ದಾರಿ ಹುಡುಕುತ್ತ ಕಾರು ಕಂಪನಿಗಳು ಗಾಳಿಸುರಂಗದ ಪರೀಕ್ಷೆಗೆ ಹೆಚ್ಚಿನ ಮಹತ್ವ ಕೊಡತೊಡಗಿದವು. ಮರುವರ್ಷ, 1974ರ ಸೆಪ್ಟೆಂಬರ್ 22ರಂದು, ಸ್ವಿಟ್ಜರ್‌ಲ್ಯಾಂಡಿನ ಸೇಂಟ್ ಗ್ಯಾಲನ್‌ನಲ್ಲಿ ಯಾರೈ ತೀರಿಕೊಂಡರು. ಆಗ ಅವರಿಗೆ 85 ವರ್ಷ.

ಇಂದು ನಮ್ಮೂರ ರಸ್ತೆಯಲ್ಲಿ ಓಡುವ ಕಾರುಗಳ ಓರೆ ಗಾಜು, ದುಂಡು ಮೂತಿ, ಮೈಯೊಳಗೇ ಕೂತ ದೀಪಗಳನ್ನು ವಿದ್ಯಾರ್ಥಿಗಳು ಗಮನಿಸಿ ನೋಡಬೇಕು. ನೋಟಕ್ಕೆ ಒಗ್ಗಲಿಲ್ಲವೆಂದು ಜನ ದೂರವಿಟ್ಟ ವಿಚಾರವೇ ಅಲ್ಲಿ ನಿತ್ಯದ ಬಳಕೆಗೆ ಬಂದಿದೆ.